ತಾರಸಿಯಲ್ಲಿ ಸ್ಟ್ರಾಬೆರಿ: ಬೇರನ್ನು ತಂಪಾಗಿರಿಸುವ ಒಂದು ಏರ್ಪಾಡು

ಬೆಂಗಳೂರಿನಂಥ ಬೆಚ್ಚನೆಯ ಊರಿನಲ್ಲಿ ಸ್ಟ್ರಾಬೆರಿ ಹಾಕಲು ಹೊರಟವರು ಕುಂಡ, ಗೊಬ್ಬರಗಳ ಯೋಚನೆಗಿಂತ ಮೊದಲು ಒಂದು ವಿಷಯವನ್ನು ಇತ್ಯರ್ಥ ಮಾಡಿಕೊಳ್ಳಬೇಕು. ಈ ಗಿಡಕ್ಕೆ ನಮ್ಮಲ್ಲಿ ನಿಜವಾದ ಅಡ್ಡಿ ಯಾವುದು, ಹಗಲಿನ ಉದ್ದವೋ ಶಾಖವೋ? ಇಲ್ಲಿ ದೊರೆಯುವ ಹೆಚ್ಚಿನ ತಳಿಗಳು ಹಗಲು ಚಿಕ್ಕದಾದಾಗ ಹೂಮೊಗ್ಗು ಕಟ್ಟುವಂಥವು. ಹಗಲು ಸುಮಾರು 14 ಗಂಟೆಗಿಂತ ಕಡಿಮೆಯಿದ್ದರೆ ಅವಕ್ಕೆ ಸಾಕು. ಬೆಂಗಳೂರಿನಲ್ಲಿ ಡಿಸೆಂಬರ್ ಕೊನೆಯ ಹಗಲು ಸುಮಾರು 11 ಗಂಟೆ 20 ನಿಮಿಷದ್ದಾದರೆ, ಜೂನ್ ತಿಂಗಳ ಅತಿ ದೀರ್ಘ ಹಗಲು ಕೂಡ 13 ಗಂಟೆಯನ್ನು ಮುಟ್ಟುವುದಿಲ್ಲ. ಅಂದರೆ ವರ್ಷದ ಯಾವ ದಿನವೂ ಬೆಳಕಿನ ಲೆಕ್ಕದಲ್ಲಿ ಹೂವಿಗೆ ತಡೆಯಿಲ್ಲ. ತಡೆಯುವುದು ಶಾಖ ಮಾತ್ರ, ಅದರಲ್ಲೂ ಬೇರಿನ ಸುತ್ತಲಿನ ಶಾಖ ಮತ್ತು ರಾತ್ರಿಯ ಶಾಖ. ರಾತ್ರಿಯನ್ನು ತಂಪಾಗಿಸುವುದು ನಮ್ಮ ಕೈಯಲ್ಲಿಲ್ಲ, ಬೇರನ್ನು ತಂಪಾಗಿಡುವುದು ಖಂಡಿತ ಇದೆ. ಮುಂದೆ ವಿವರಿಸುವ ಏರ್ಪಾಡಿನ ಪ್ರತಿಯೊಂದು ಭಾಗವೂ ಈ ಒಂದು ಉದ್ದೇಶಕ್ಕಾಗಿಯೇ ರೂಪುಗೊಂಡಿದೆ.

ಇಂದಿನ ತೋಟದ ಸ್ಟ್ರಾಬೆರಿ ಉತ್ತರ ಅಮೆರಿಕದ ಪೂರ್ವಭಾಗದ ಒಂದು ಜಾತಿ ಮತ್ತು ಚಿಲಿ ದೇಶದ ಕರಾವಳಿಯ ಇನ್ನೊಂದು ಜಾತಿ 18ನೆಯ ಶತಮಾನದಲ್ಲಿ ಯುರೋಪಿನ ತೋಟಗಳಲ್ಲಿ ಬೆರೆತು ಹುಟ್ಟಿದ್ದು. ಎರಡು ಕಡೆಯಿಂದಲೂ ತಂಪು ನೆಲದ ಸಂತಾನವಾದ ಇಂಥ ಗಿಡವನ್ನು ನಮ್ಮಲ್ಲಿ ವರ್ಷಪೂರ್ತಿ ಉಳಿಸಿಕೊಳ್ಳಲು ಹೆಣಗುವುದಕ್ಕಿಂತ ಅವರೆಕಾಯಿಯ ಜೊತೆಗೆ ಬಂದು ಹೋಗುವ ಚಳಿಗಾಲದ ಬೆಳೆಯೆಂದು ಒಪ್ಪಿಕೊಳ್ಳುವುದೇ ಸರಿ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಡಿಸೆಂಬರ್, ಜನವರಿಗಳಲ್ಲಿ ಬೆಂಗಳೂರಿನ ಹಗಲಿನ ಗರಿಷ್ಠ ಶಾಖ ಸರಾಸರಿ 27 ಡಿಗ್ರಿ ಸೆಲ್ಸಿಯಸ್ ಸುಮಾರಿಗೂ ರಾತ್ರಿಯ ಕನಿಷ್ಠ ಶಾಖ 16ರ ಸುಮಾರಿಗೂ ಇರುತ್ತದೆ. ಏಪ್ರಿಲ್ ವೇಳೆಗೆ ಅವು 34ಕ್ಕೂ 22ಕ್ಕೂ ಏರುತ್ತವೆ. ಮೊಗ್ಗು ಕಟ್ಟುವ ಕ್ರಿಯೆ 25 ಡಿಗ್ರಿಯ ಮೇಲೆ ಕುಂಠಿತಗೊಳ್ಳುತ್ತಾ ಹೋಗುವುದರಿಂದ ನಮಗೆ ದೊರೆಯುವ ಅವಕಾಶ ಅಕ್ಟೋಬರಿನಿಂದ ಮಾರ್ಚ್ ಮೊದಲ ಭಾಗದವರೆಗೆ ಮಾತ್ರ. ದೇಶದ ಸ್ಟ್ರಾಬೆರಿಯ ಬಹುಪಾಲನ್ನು ಬೆಳೆಯುವ ಮಹಾರಾಷ್ಟ್ರದ ಮಹಾಬಲೇಶ್ವರ, ಪಂಚಗಣಿಗಳ ರೈತರೂ ಇದೇ ಕಾಲಮಾನವನ್ನು ಅನುಸರಿಸುತ್ತಾರೆ. ಅಲ್ಲಿನ ಹಣ್ಣಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಆದರೆ ಅವರ ನೆಲ ಸುಮಾರು 1,350 ಮೀಟರ್ ಎತ್ತರದಲ್ಲಿದೆ, ನಮ್ಮದು 900 ಮೀಟರಿನ ಆಸುಪಾಸಿನಲ್ಲಿದೆ. ಆ ವ್ಯತ್ಯಾಸವನ್ನು ತುಂಬಿಕೊಡುವ ಕೆಲಸ ತಾರಸಿಯ ಮೇಲಿನ ಏರ್ಪಾಡಿನದು.

ಕೆಲಸ ಆರಂಭವಾದದ್ದು ಆಗಸ್ಟ್ ಕೊನೆಯಲ್ಲಿ, ಜಾಗದ ಆಯ್ಕೆಯಿಂದ. ಬೆಳಗಿನಿಂದ ಮಧ್ಯಾಹ್ನ ಒಂದರವರೆಗೆ ನೇರ ಬಿಸಿಲು ಬಿದ್ದು, ಆನಂತರ ಮೆಟ್ಟಿಲ ಕೋಣೆಯ ನೆರಳು ಆವರಿಸುವ ಪೂರ್ವದ ಪ್ಯಾರಪೆಟ್ ಗೋಡೆಯ ಬದಿಯನ್ನು ಆರಿಸಿಕೊಂಡೆ. ಸ್ಟ್ರಾಬೆರಿಗೆ ಆರು ಗಂಟೆಯ ಬಿಸಿಲು ಬೇಕು, ಆದರೆ ಅದು ಬೆಳಗಿನ ಬಿಸಿಲಾಗಿರಬೇಕು. ಮಧ್ಯಾಹ್ನ ಮೂರರ ಹೊತ್ತಿಗೆ ಕಾಂಕ್ರೀಟಿನ ನೆಲ ಕಾದು ಕೆಳಗಿನಿಂದಲೂ ಶಾಖವನ್ನು ಹೊಮ್ಮಿಸುತ್ತದೆ, ಸೂರ್ಯ ಮುಳುಗಿದ ಮೇಲೂ ಬಹಳ ಹೊತ್ತು ಬೆಚ್ಚಗಿರುತ್ತದೆ. ಆದ್ದರಿಂದ ಕುಂಡಗಳನ್ನು ನೆಲದ ಮೇಲೆ ಇಡುವ ಯೋಚನೆಯನ್ನೇ ಬಿಟ್ಟು, ಒಂದು ಅಂಗುಲದ ಜಿಐ ಚೌಕ ಪೈಪಿನಿಂದ ಆರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಎರಡೂವರೆ ಅಡಿ ಎತ್ತರದ ಎರಡು ಸ್ಟ್ಯಾಂಡುಗಳನ್ನು ಬೆಸುಗೆ ಹಾಕಿಸಿದೆ. ಮೇಲ್ಭಾಗಕ್ಕೆ ಹಲಗೆ ಹಾಕಿಸದೆ, ನಾಲ್ಕು ಅಂಗುಲಕ್ಕೊಂದರಂತೆ ಅಡ್ಡಪಟ್ಟಿಗಳನ್ನು ಮಾತ್ರ ಕೊಡಿಸಿದೆ. ಕುಂಡದ ತಳದಿಂದ ನೀರು ಇಳಿಯುವುದಕ್ಕಷ್ಟೇ ಅಲ್ಲ, ತಳಕ್ಕೆ ಗಾಳಿ ತಾಗುವುದಕ್ಕೂ ಇದು ಬೇಕು. ನೀರು ಕುಡಿದ ಒಂದೊಂದು ಕುಂಡವೂ 20 ಕಿಲೋಗ್ರಾಂ ದಾಟುವುದರಿಂದ, ಕೆಳಗೆ ಗೋಡೆಯಿರುವ ಸಾಲಿನ ಮೇಲೆಯೇ ಸ್ಟ್ಯಾಂಡುಗಳ ಕಾಲುಗಳು ಬರುವಂತೆ ನಿಲ್ಲಿಸಿದೆ.

ಕುಂಡದ ಆಯ್ಕೆಗೆ ಹೆಚ್ಚು ಸಮಯ ಕೊಟ್ಟೆ, ಏಕೆಂದರೆ ಈ ಬೆಳೆಯ ಅಳಿವು ಉಳಿವು ಅಲ್ಲಿಯೇ ನಿಂತಿದೆ. ಕಪ್ಪು ಗ್ರೋಬ್ಯಾಗ್, ಹೊರಗೆ ಬಿಳಿ ಬಣ್ಣ ಬಳಿದ ಪ್ಲಾಸ್ಟಿಕ್ ಕುಂಡ, ಹೊಳಪು ಲೇಪವಿಲ್ಲದ ಸಾದಾ ಮಣ್ಣಿನ ಕುಂಡ ಈ ಮೂರರಲ್ಲೂ ಒಂದೇ ಮಿಶ್ರಣವನ್ನು ತುಂಬಿ, ಒಂದೇ ಪ್ರಮಾಣದ ನೀರು ಹಾಕಿ, ಬಿಸಿಲಿನ ಬದಿಯಲ್ಲಿ ಗೋಡೆಯಿಂದ ಎರಡು ಅಂಗುಲ ಒಳಗೆ ಕಡ್ಡಿ ಥರ್ಮಾಮೀಟರ್ ಚುಚ್ಚಿ ನೋಡಿದೆ. ಗಾಳಿಯ ಶಾಖ 28 ಡಿಗ್ರಿ ಇದ್ದ ಒಂದು ಮಧ್ಯಾಹ್ನ ಕಪ್ಪು ಚೀಲ 38 ಡಿಗ್ರಿಯನ್ನೂ ಬಿಳಿಯ ಕುಂಡ 31 ಡಿಗ್ರಿಯನ್ನೂ ತೋರಿಸಿದರೆ, ಮಣ್ಣಿನ ಕುಂಡ 25 ಡಿಗ್ರಿಯಲ್ಲಿ ನಿಂತಿತ್ತು. ಬೇಸಿಗೆಯಲ್ಲಿ ಹೂಜಿಯ ನೀರು ತಣ್ಣಗಾಗುವ ಬಗೆಯೇ ಇಲ್ಲಿಯೂ ನಡೆಯುತ್ತದೆ: ಗೋಡೆಯ ಸೂಕ್ಷ್ಮ ರಂಧ್ರಗಳಿಂದ ಹೊರಬಂದ ತೇವ ಆವಿಯಾಗುವಾಗ ಒಳಗಿನ ಶಾಖವನ್ನು ಸೆಳೆದುಕೊಂಡು ಹೋಗುತ್ತದೆ. 30 ಡಿಗ್ರಿಯ ಮೇಲೆ ಸ್ಟ್ರಾಬೆರಿಯ ಬೇರು ಸೊರಗತೊಡಗುತ್ತದೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಈ ಮೂರು ಅಂಕಿಗಳ ನಡುವಿನ ಅಂತರ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಹೀಗಾಗಿ 14 ಅಂಗುಲ ಬಾಯಗಲದ, 9 ಅಂಗುಲ ಆಳದ ಎಂಟು ಮಣ್ಣಿನ ಕುಂಡಗಳನ್ನು ಕುಂಬಾರರಿಂದ ತಂದೆ. ಸ್ಟ್ರಾಬೆರಿಯ ಬೇರು ಬಹುತೇಕ ಮೇಲಿನ ಅರ್ಧ ಅಡಿಯಲ್ಲಿಯೇ ಹರಡುವುದರಿಂದ ಇದಕ್ಕಿಂತ ಹೆಚ್ಚಿನ ಆಳ ಬೇಕಿಲ್ಲ. ತುಂಬುವ ಮೊದಲು ಕುಂಡಗಳನ್ನು ಒಂದು ಹಗಲು, ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಡಬೇಕು. ಒಣಗಿದ ಹೊಸ ಕುಂಡ ಮಿಶ್ರಣದ ತೇವವನ್ನೆಲ್ಲ ತಾನೇ ಹೀರಿಕೊಳ್ಳುತ್ತದೆ.

ಮಿಶ್ರಣಕ್ಕೆ ಐದು ಪಾಲು ಕೋಕೋಪೀಟ್, ಎರಡು ಪಾಲು ಎರೆಗೊಬ್ಬರ, ಎರಡು ಪಾಲು ಸುಟ್ಟ ಭತ್ತದ ಹೊಟ್ಟು, ಒಂದು ಪಾಲು ಜರಡಿ ಹಿಡಿದ ಕೆಮ್ಮಣ್ಣು ಸೇರಿಸಿ, ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ ಬೆರೆಸಿದೆ. ಇದರಲ್ಲಿ ಎಚ್ಚರ ಬೇಕಾದದ್ದು ಕೋಕೋಪೀಟಿನ ವಿಷಯದಲ್ಲಿ. ತೆಂಗಿನ ನಾರಿನ ಪುಡಿಯಲ್ಲಿ ಸೋಡಿಯಂ ಮತ್ತು ಪೊಟ್ಯಾಸಿಯಂ ಲವಣಗಳು ಸಹಜವಾಗಿಯೇ ಇರುತ್ತವೆ, ಸಂಸ್ಕರಣೆಗೆ ಉಪ್ಪುನೀರು ಬಳಸಿದ ಕಡೆ ಇನ್ನಷ್ಟು ಹೆಚ್ಚಿರುತ್ತವೆ. ಸ್ಟ್ರಾಬೆರಿಯೋ, ನಾವು ಬೆಳೆಯುವ ಹಣ್ಣಿನ ಗಿಡಗಳಲ್ಲೆಲ್ಲ ಉಪ್ಪನ್ನು ಅತ್ಯಂತ ಕಡಿಮೆ ಸಹಿಸುವವುಗಳ ಸಾಲಿಗೆ ಸೇರಿದ್ದು. ಐದು ಕಿಲೋಗ್ರಾಂನ ಒಂದು ಇಟ್ಟಿಗೆಯನ್ನು ನೆನೆಸಿದಾಗ ಸುಮಾರು 65 ಲೀಟರ್ ಪುಡಿಯಾಯಿತು. ಅದನ್ನು ಗೋಣಿಚೀಲದಲ್ಲಿ ಕಟ್ಟಿ, ಇಳಿದು ಬರುವ ನೀರು ಕಂದು ಬಣ್ಣದಿಂದ ತಿಳಿಯಾಗುವವರೆಗೆ ತೊಳೆದೆ. ಬಳಿಕ 100 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಿನಲ್ಲಿ ಒಂದು ದಿನ ನೆನೆಯಿಟ್ಟು ಮತ್ತೊಮ್ಮೆ ತೊಳೆದೆ. ನಾರಿನ ಕಣಗಳಿಗೆ ಅಂಟಿಕೊಂಡ ಸೋಡಿಯಂ ಬರೀ ನೀರಿಗೆ ಪೂರ್ತಿ ಬಿಡುವುದಿಲ್ಲ, ಕ್ಯಾಲ್ಸಿಯಂ ಬಂದು ಅದರ ಜಾಗವನ್ನು ಹಿಡಿದಾಗ ಮಾತ್ರ ಹೊರಬರುತ್ತದೆ. ಈ ಎರಡನೆಯ ಹಂತವನ್ನು ಬಿಟ್ಟುಬಿಟ್ಟ ಕೋಕೋಪೀಟಿನಲ್ಲಿ ಎಳೆಯ ಎಲೆಗಳ ಅಂಚು ಸುಟ್ಟಂತಾಗುವುದನ್ನು ಬಹಳ ಮಂದಿ ರೋಗವೆಂದು ತಿಳಿದು ಔಷಧ ಸಿಂಪಡಿಸುತ್ತಾರೆ.

ಉಪ್ಪಿನ ಮಾತು ಬಂದ ಮೇಲೆ ನೀರಿನ ಮಾತು ಬರಲೇಬೇಕು. ಬೆಂಗಳೂರಿನ ಬಹಳಷ್ಟು ಕೊಳವೆಬಾವಿಗಳ ನೀರು ಗಡಸು. ಅದರಲ್ಲಿರುವ ಬೈಕಾರ್ಬನೇಟ್ ದಿನದಿಂದ ದಿನಕ್ಕೆ ಕುಂಡದ ಮಿಶ್ರಣವನ್ನು ಕ್ಷಾರದ ಕಡೆಗೆ ಎಳೆಯುತ್ತದೆ. ಸ್ಟ್ರಾಬೆರಿಗೆ ಬೇಕಾದ ರಸಸಾರ (ಪಿಎಚ್) 5.5ರಿಂದ 6.5. ಅದನ್ನು ದಾಟಿದಾಗ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ಅದು ದಕ್ಕದೆ, ಹೊಸ ಎಲೆಗಳ ನರ ಮಾತ್ರ ಹಸಿರಾಗಿ ಉಳಿದು ನಡುವೆಲ್ಲ ಹಳದಿಯಾಗುತ್ತದೆ. ಅದೃಷ್ಟಕ್ಕೆ ನಾಟಿಯ ಕಾಲಕ್ಕೆ ಸರಿಯಾಗಿ ನಮ್ಮಲ್ಲಿ ಮಳೆಯೂ ಇರುತ್ತದೆ. ಸೆಪ್ಟೆಂಬರ್, ಅಕ್ಟೋಬರುಗಳು ಬೆಂಗಳೂರಿನ ಅತಿ ಹೆಚ್ಚು ಮಳೆಯ ತಿಂಗಳುಗಳು. ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಹತ್ತಡಿ ಚೌಕದ ಮೆಟ್ಟಿಲ ಕೋಣೆಯ ಸೂರು 100 ಮಿಲಿಮೀಟರ್ ಮಳೆಗೆ ಸುಮಾರು 900 ಲೀಟರ್ ಕೊಡುತ್ತದೆ. ಕುಂಡದ ಗೋಡೆಯಿಂದ ಆವಿಯಾಗುವುದನ್ನೂ ಸೇರಿಸಿ ದಿನಕ್ಕೆ ಕುಂಡಕ್ಕೊಂದು ಲೀಟರ್ ಎಂದರೆ ಎಂಟು ಕುಂಡಕ್ಕೆ ಎಂಟು ಲೀಟರ್, ಮಳೆಯಿಲ್ಲದ ಡಿಸೆಂಬರಿನಿಂದ ಫೆಬ್ರುವರಿವರೆಗೆ ಸುಮಾರು 720 ಲೀಟರ್. ಈ ಲೆಕ್ಕದ ಮೇಲೆ 200 ಲೀಟರಿನ ನಾಲ್ಕು ನೀಲಿ ಡ್ರಮ್‌ಗಳನ್ನು ಕಟ್ಟಡದ ಕಂಬಗಳಿರುವ ಮೂಲೆಗಳಲ್ಲಿ ಇರಿಸಿ, ಸೂರಿನ ಪೈಪಿಗೆ ಜೋಡಿಸಿದೆ. ಒಣ ದಿನಗಳ ನಂತರದ ಮೊದಲ ಹತ್ತು ನಿಮಿಷದ ಮಳೆಯನ್ನು ಹೊರಬಿಡಲು ಒಂದು ತಿರುಪಿನ ಮುಚ್ಚಳವನ್ನೂ, ಸೊಳ್ಳೆ ಒಳಹೋಗದಂತೆ ಪ್ರತಿ ಬಾಯಿಗೆ ನೈಲಾನ್ ಬಲೆಯನ್ನೂ ಕಟ್ಟಿದೆ. ಡೆಂಗಿಯ ಊರಿನಲ್ಲಿ ಆ ಬಲೆಯ ವಿಷಯದಲ್ಲಿ ಉದಾಸೀನ ಸಲ್ಲದು.

ಗಿಡಗಳನ್ನು ಬೀಜದಿಂದ ಎಬ್ಬಿಸುವ ಆಸೆಯನ್ನು ಬಿಡುವುದು ಒಳ್ಳೆಯದು. ಹಣ್ಣಿನ ಮೇಲಿನ ಬೀಜದಿಂದ ಹುಟ್ಟಿದ ಸಸಿ ತಾಯಿಯ ಗುಣವನ್ನು ಹಾಗೆಯೇ ತರುವುದಿಲ್ಲ, ಚಳಿಗಾಲದ ಇಷ್ಟು ಕಿರಿದಾದ ಅವಧಿಯೊಳಗೆ ಅದು ಫಲಕ್ಕೆ ಬರುವುದೂ ಕಷ್ಟ. ನೀಲಿ, ಕಪ್ಪು ಸ್ಟ್ರಾಬೆರಿಯ ಚಿತ್ರ ಹಾಕಿ ಮಾರುವ ಬೀಜದ ಪೊಟ್ಟಣಗಳಂತೂ ಶುದ್ಧ ಮೋಸ, ಅಂಥ ಬಣ್ಣದ ಸ್ಟ್ರಾಬೆರಿಯೇ ಇಲ್ಲ. ಹಂಬಿನ ತುದಿಯಲ್ಲಿ ಬೇರು ಬಿಟ್ಟ ಗಿಡಗಳನ್ನು ಮಹಾಬಲೇಶ್ವರದ ಸುತ್ತಲಿನ ನರ್ಸರಿಗಳು ಮಳೆಗಾಲದಲ್ಲಿ ಬೆಳೆಸಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮಾರುತ್ತವೆ. ತಳಿಗಳಲ್ಲಿ ನಾನು ವಿಂಟರ್ ಡಾನ್ ಮತ್ತು ಸ್ವೀಟ್ ಚಾರ್ಲಿಗಳನ್ನು ಆರಿಸಿದೆ. ಎರಡೂ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡವು, ಅಲ್ಲಿನ ಸೌಮ್ಯ ಚಳಿಗಾಲಕ್ಕೆ ಒಗ್ಗಿ ಬೇಗನೆ ಫಸಲು ಕೊಡುವಂಥವು. ಕ್ಯಾಲಿಫೋರ್ನಿಯದ ಕ್ಯಾಮರೋಸಾ ಗಟ್ಟಿ ಹಣ್ಣಿನ ಒಳ್ಳೆಯ ತಳಿಯೇ ಆದರೂ ಅದರ ಫಸಲು ತಡ. ನಮ್ಮಲ್ಲಿ ತಡವೆಂದರೆ ನೇರವಾಗಿ ಬಿಸಿಲಿನ ಬಾಯಿಗೆ ಬೀಳುವುದು.

ನವರಾತ್ರಿಯ ಹೊತ್ತಿಗೆ ಗಿಡಗಳು ಕೈಸೇರಿದವು. ಒಣಗಿದ ಹಳೆಯ ಎಲೆಗಳನ್ನು ತೆಗೆದು, ಮೂರು ಎಳೆಯ ಎಲೆಗಳನ್ನಷ್ಟೇ ಉಳಿಸಿ, ಬೇರನ್ನು ಒಂದು ಗೇಣಿನ ಅರ್ಧಕ್ಕೆ ಕತ್ತರಿಸಿ, ಬೇರುಕೊಳೆಯನ್ನು ತಡೆಯುವ ಶಿಲೀಂಧ್ರವಾದ ಟ್ರೈಕೋಡರ್ಮಾ ಬೆರೆಸಿದ ನೀರಿನಲ್ಲಿ ಅರ್ಧ ಗಂಟೆ ಅದ್ದಿಟ್ಟೆ. ಕುಂಡಕ್ಕೆ ಮೂರರಂತೆ, ಸುಮಾರು 20 ಸೆಂಟಿಮೀಟರ್ ಅಂತರದ ತ್ರಿಕೋನದಲ್ಲಿ 24 ಗಿಡಗಳ ನಾಟಿಯಾಯಿತು. ನಾಟಿಯಲ್ಲಿ ಗಮನವೆಲ್ಲ ಗಡ್ಡೆಯ ಮೇಲಿರಬೇಕು. ಬೇರು ಮತ್ತು ಎಲೆ ಕೂಡುವ ಆ ಮೋಟು ಕಾಂಡದ ಅರ್ಧ ಭಾಗ ಮಣ್ಣಿನ ಒಳಗೂ ಅರ್ಧ ಭಾಗ ಹೊರಗೂ ಇರಬೇಕು. ಪೂರ್ತಿ ಹೂತರೆ ಬೆಚ್ಚನೆಯ ತೇವದಲ್ಲಿ ವಾರದೊಳಗೆ ಕೊಳೆಯುತ್ತದೆ, ಮೇಲೆ ಬಿಟ್ಟರೆ ಬೇರು ಬಯಲಾಗಿ ಒಣಗುತ್ತದೆ. ಗುಂಡಿಯ ನಡುವೆ ಮಣ್ಣನ್ನು ಸಣ್ಣ ಗುಡ್ಡೆ ಮಾಡಿ, ಬೇರುಗಳನ್ನು ಅದರ ಇಳಿಜಾರಿನ ಮೇಲೆ ಸುತ್ತಲೂ ಹರಡಿ, ಮೇಲಿಂದ ಮಣ್ಣು ಒತ್ತಿದರೆ ಗಡ್ಡೆ ಸರಿಯಾದ ಮಟ್ಟದಲ್ಲಿ ನಿಲ್ಲುತ್ತದೆ. ಹತ್ತು ದಿನ 50 ಪ್ರತಿಶತದ ನೆರಳುಬಲೆಯಡಿ ಇರಿಸಿ, ಹೊಸ ಎಲೆ ಬಿಚ್ಚಿದ ಮೇಲೆ ಬಲೆ ಸರಿಸಿದೆ. ಮಿಶ್ರಣದ ಮೇಲೆ ಎರಡು ಅಂಗುಲ ದಪ್ಪಕ್ಕೆ ಭತ್ತದ ಹುಲ್ಲನ್ನು ಹಾಸಿದೆ. ಹಣ್ಣು ಮಣ್ಣಿಗೆ ತಾಗದಂತೆ ಕಾಯುವುದರ ಜೊತೆಗೆ ಅದು ಬೇರಿಗೆ ಮೇಲಿನಿಂದಲೂ ನೆರಳಾಗುತ್ತದೆ.

ದೀಪಾವಳಿ ಕಳೆದ ಮೇಲೆ ಕಂಡ ಮೊದಲ ಹೂಗಳನ್ನೆಲ್ಲ ಚಿವುಟಿದೆ. ನಾಟಿಯಾದ ನಾಲ್ಕು ವಾರಗಳವರೆಗೆ ಗಿಡದ ಶಕ್ತಿ ಬೇರಿಗೆ ಹೋಗಬೇಕು. ಅನಂತರದ ಹೂಗಳಿಗೆ ಪರಾಗಸ್ಪರ್ಶದ ಚಿಂತೆ. ಸ್ಟ್ರಾಬೆರಿಯಲ್ಲಿ ನಾವು ತಿನ್ನುವ ಕೆಂಪು ಭಾಗ ಹೂವಿನ ಪೀಠವೇ ಉಬ್ಬಿ ಆದದ್ದು. ನಿಜವಾದ ಹಣ್ಣುಗಳೆಂದರೆ ಅದರ ಮೈಮೇಲಿನ ಕಾಳುಗಳು. ಒಂದೊಂದು ಕಾಳೂ ಫಲಿತಗೊಂಡು ಆಕ್ಸಿನ್ ಎಂಬ ಚೋದಕವನ್ನು ಸ್ರವಿಸಿದಾಗಲೇ ಅದರ ಕೆಳಗಿನ ತಿರುಳು ಬೆಳೆಯುತ್ತದೆ. ಎಳೆಯ ಹಣ್ಣಿನಿಂದ ಕಾಳುಗಳನ್ನು ಕಿತ್ತರೆ ಬೆಳವಣಿಗೆ ನಿಲ್ಲುವುದನ್ನೂ, ಆ ಜಾಗಕ್ಕೆ ಆಕ್ಸಿನ್ ಲೇಪಿಸಿದರೆ ಮತ್ತೆ ಬೆಳೆಯುವುದನ್ನೂ ಸಸ್ಯವಿಜ್ಞಾನಿ ನಿಟ್ಶ್ 1950ರಲ್ಲಿಯೇ ತೋರಿಸಿಕೊಟ್ಟಿದ್ದರು. ಸೊಟ್ಟಗೆ, ಒಂದು ಬದಿ ಚಪ್ಪಟೆಯಾಗಿ ಬರುವ ಹಣ್ಣಿಗೆ ಹೆಚ್ಚಾಗಿ ಕಾರಣ ಗೊಬ್ಬರದ ಕೊರತೆಯಲ್ಲ, ಆ ಬದಿಯ ಕಾಳುಗಳಿಗೆ ಪರಾಗ ತಲುಪದಿರುವುದು. ತುಡುವೆ ಮತ್ತು ಮುಜಂಟಿ ಜೇನುಗಳು ಬರುವ ತಾರಸಿಯಲ್ಲಿ ಈ ತೊಂದರೆ ಕಡಿಮೆ, ಅವುಗಳನ್ನು ಕರೆಯಲು ಪಕ್ಕದಲ್ಲಿಯೇ ಕಾಮಕಸ್ತೂರಿಯನ್ನು ಹೂ ಬಿಡಲು ಬಿಟ್ಟಿದ್ದೆ. ಮೋಡದ ದಿನಗಳಲ್ಲಿ ಮಾತ್ರ ಬೆಳಿಗ್ಗೆ ಒಂಬತ್ತು, ಹತ್ತರ ಹೊತ್ತಿಗೆ ಮೃದುವಾದ ಚಿತ್ರದ ಕುಂಚವನ್ನು ಪ್ರತಿ ಹೂವಿನ ನಡುಭಾಗದ ಸುತ್ತ ನಿಧಾನವಾಗಿ ಆಡಿಸಿದೆ.

ಗೊಬ್ಬರದ ವಿಷಯ ಸರಳ. ಹೂವಿನವರೆಗೆ ವಾರಕ್ಕೊಮ್ಮೆ ಲೀಟರಿಗೆ ಒಂದು ಗ್ರಾಂನಂತೆ 19:19:19 ಗೊಬ್ಬರ (ಅಂಕಿಗಳು ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಷ್‌ಗಳ ಪ್ರತಿಶತ), ಕಾಯಿ ಕಟ್ಟಿದ ಮೇಲೆ ಅದೇ ಪ್ರಮಾಣದಲ್ಲಿ 13:0:45. ಸಾರಜನಕ ಹೆಚ್ಚಿದರೆ ಎಲೆ ದಟ್ಟವಾಗಿ ಹಣ್ಣು ಸಪ್ಪೆಯಾಗುತ್ತದೆ. ಗಿಡದಿಂದ ಹೊರಡುವ ಹಂಬುಗಳನ್ನು ಕಂಡಕೂಡಲೇ ಕತ್ತರಿಸಬೇಕು.

ಹೂವಿನಿಂದ ಹಣ್ಣಾಗಲು ಡಿಸೆಂಬರಿನ ತಂಪಿನಲ್ಲಿ ಒಂದು ತಿಂಗಳು ಹಿಡಿಯಿತು, ಮಾರ್ಚಿನಲ್ಲಿ ಅದು ಮೂರು ವಾರಕ್ಕೆ ಇಳಿಯಿತು. ಈ ಅವಸರ ಲಾಭವಲ್ಲ. ಹಗಲು ಎಲೆ ಮಾಡಿಟ್ಟ ಸಕ್ಕರೆಯನ್ನು ಬೆಚ್ಚನೆಯ ರಾತ್ರಿಯಲ್ಲಿ ಗಿಡ ಉಸಿರಾಟಕ್ಕೆ ಹೆಚ್ಚು ಖರ್ಚು ಮಾಡುತ್ತದೆ. ಹಣ್ಣು ತುಂಬುವ ಮೊದಲೇ ಕೆಂಪಾಗಿ, ಚಿಕ್ಕದಾಗಿ, ಹುಳಿಯಾಗಿ ಉಳಿಯುತ್ತದೆ. ಸಂಕ್ರಾಂತಿಯ ಸುತ್ತಿನ ಹಣ್ಣಿಗಿದ್ದ ಪರಿಮಳ ಮಾರ್ಚಿನ ಹಣ್ಣಿಗೆ ಇಲ್ಲದಿರುವುದು ಇದರಿಂದಲೇ, ಯಾವ ಗೊಬ್ಬರವೂ ಅದನ್ನು ಮರಳಿ ತರಲಾರದು. ಕಿತ್ತ ಮೇಲೆ ಸ್ಟ್ರಾಬೆರಿಯ ಬಣ್ಣ ಗಾಢವಾಗಬಹುದೇ ಹೊರತು ಸಿಹಿ ಹೆಚ್ಚುವುದಿಲ್ಲ. ಆದ್ದರಿಂದ ತೊಟ್ಟಿನ ಕೆಳಗಿನ ಬಿಳಿಯ ಭಾಗವೂ ಕೆಂಪಾಗುವವರೆಗೆ ಕಾದು, ಬಿಸಿಲೇರುವ ಮೊದಲು, ಹಸಿರು ತೊಟ್ಟಿನ ಸಮೇತ ಕೊಯ್ಯಬೇಕು. ಮನೆಯಲ್ಲಿ ಬೆಳೆಯುವುದರ ನಿಜವಾದ ಪ್ರತಿಫಲ ಇದೇ. ದೂರದ ಊರಿಗೆ ಕಳುಹಿಸುವ ರೈತ ಅಷ್ಟು ಹಣ್ಣಾಗುವವರೆಗೆ ಕಾಯುವಂತಿಲ್ಲ.

ಹಾಗೆ ಕಾಯಬೇಕಾದರೆ ಪಿಕಳಾರ ಮತ್ತು ಅಳಿಲುಗಳಿಂದ ರಕ್ಷಣೆ ಬೇಕು. ಸ್ಟ್ಯಾಂಡಿನ ನಾಲ್ಕು ಮೂಲೆಗಳಿಗೆ ಎರಡಡಿಯ ಪೈಪುಗಳನ್ನು ನಿಲ್ಲಿಸಿ, ಮೇಲೆ ಮತ್ತು ಸುತ್ತ ಅರ್ಧ ಅಂಗುಲದ ಜಿಐ ಜಾಲರಿಯನ್ನು ಕಟ್ಟಿ, ಒಂದು ಬದಿಯನ್ನು ಕೊಂಡಿಯ ಬಾಗಿಲಾಗಿ ಮಾಡಿಸಿದೆ. ನೈಲಾನ್ ಬಲೆಯನ್ನು ಅಳಿಲು ಕಡಿಯುತ್ತದೆ, ಜಾಲರಿಯನ್ನು ಕಡಿಯಲಾರದು. ಜೇನು ಸಲೀಸಾಗಿ ಒಳಬರುವಷ್ಟು ಕಣ್ಣು ಅದರಲ್ಲಿದೆ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಎನ್ನುತ್ತಾರೆ. ಈ ಬೆಳೆಗೆ ಆ ಮಾತು ಅಕ್ಷರಶಃ ಗಡಿರೇಖೆ. ಫೆಬ್ರುವರಿ ಮಧ್ಯದಿಂದ ಏರ್ಪಾಡಿನ ಎರಡನೆಯ ಹಂತ ಆರಂಭವಾಯಿತು. ಡಿಸೆಂಬರಿನಲ್ಲಿ ನಡುಹಗಲಿನ ಸೂರ್ಯ ದಕ್ಷಿಣಕ್ಕೆ ವಾಲಿ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ, ಏಪ್ರಿಲ್ 24ರ ಸುಮಾರಿಗೆ ಬೆಂಗಳೂರಿನ ನೆತ್ತಿಯ ಮೇಲೆಯೇ ಬರುತ್ತಾನೆ. ಹಾಗಾಗಿ ಚಳಿಗಾಲದಲ್ಲಿ ಬರೀ ಮೇಲಿನ ಬಲೆಯಿಂದ ನೆರಳಾಗುವುದಿಲ್ಲ, ಬೇಸಿಗೆ ಸಮೀಪಿಸಿದಂತೆ ಮೇಲಿನ ಬಲೆಯೇ ಮುಖ್ಯವಾಗುತ್ತದೆ. ಜಾಲರಿಯಿಂದ ಎರಡಡಿ ಮೇಲೆ ತಂತಿ ಎಳೆದು, ಉಂಗುರಗಳ ಮೇಲೆ ಸರಿಯುವಂತೆ 35 ಪ್ರತಿಶತದ ಬಿಳಿ ನೆರಳುಬಲೆಯನ್ನು ಕಟ್ಟಿ, ಹನ್ನೊಂದು ಗಂಟೆಗೆ ಎಳೆದು ಮುಚ್ಚತೊಡಗಿದೆ. ಬಲೆ ಜಾಲರಿಗೆ ತಾಗಿಕೊಂಡಿದ್ದರೆ ನಡುವೆ ಬಿಸಿಗಾಳಿ ನಿಂತುಬಿಡುತ್ತದೆ, ಅದಕ್ಕಾಗಿ ಆ ಎರಡಡಿಯ ಅಂತರ. ಇದರ ಜೊತೆಗೆ ಪ್ರತಿ ಕುಂಡದ ಹೊರಮೈಗೆ ಹಳೆಯ ಗೋಣಿಯನ್ನು ಸುತ್ತಿ, ಬೆಳಿಗ್ಗೆಯೂ ಮಧ್ಯಾಹ್ನವೂ ಅದನ್ನು ಒದ್ದೆ ಮಾಡಿದೆ. ಗೋಣಿಗೆ ಕೊಳವೆಬಾವಿಯ ನೀರು ನಡೆಯುತ್ತದೆ, ಮಳೆನೀರು ಗಿಡದ ಬುಡಕ್ಕೆ ಮಾತ್ರ ಮೀಸಲು. ಹೊರಗೆ 33 ಡಿಗ್ರಿ ಇದ್ದ ಮಾರ್ಚಿನ ಮಧ್ಯಾಹ್ನ ಗೋಣಿಯ ಕುಂಡದ ಒಳಗೆ 27 ಡಿಗ್ರಿ ಇತ್ತು. ಹೋಲಿಕೆಗಾಗಿ ಸುತ್ತದೆ ಬಿಟ್ಟ ಕುಂಡ 30ರ ಹತ್ತಿರವಿತ್ತು. ಗಾಳಿಯಲ್ಲಿ ತೇವ ಕಡಿಮೆಯಿರುವ ತಿಂಗಳುಗಳಾದ್ದರಿಂದ ನಮ್ಮಲ್ಲಿ ಇದು ಇಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ. ಮಂಗಳೂರು, ಉಡುಪಿಗಳ ತೇವ ತುಂಬಿದ ಗಾಳಿಯಲ್ಲಿ ಆವಿಯಾಗುವಿಕೆಯೇ ನಿಧಾನ, ರಾತ್ರಿಗಳೂ ಬೆಚ್ಚಗೆ. ಕರಾವಳಿಯವರಿಗೆ ಈ ಬೆಳೆಯನ್ನು ನಾನು ಶಿಫಾರಸು ಮಾಡಲಾರೆ. ಧಾರವಾಡ, ಬೆಳಗಾವಿ, ಹಾಸನ, ಚಿಕ್ಕಮಗಳೂರಿನವರು ಧೈರ್ಯವಾಗಿ ಮಾಡಬಹುದು.

ಒಣ ಹವೆಯ ಇನ್ನೊಂದು ಮುಖ ಕೆಂಪು ನುಸಿ. ಎಲೆಯ ಮೇಲೆ ಸೂಜಿ ಚುಚ್ಚಿದಂಥ ಮಸುಕು ಚುಕ್ಕೆ, ಕೆಳಗೆ ನವಿರಾದ ಬಲೆ ಕಂಡರೆ ಅದೇ. ಬೆಳಗಿನ ಹೊತ್ತು ಎಲೆಗಳ ತಳಭಾಗಕ್ಕೆ ರಭಸದಿಂದ ನೀರು ಹಾಯಿಸುವುದು, ವಾರಕ್ಕೊಮ್ಮೆ ಸಂಜೆ ಲೀಟರಿಗೆ ಮೂರು ಮಿಲಿಲೀಟರ್ ಬೇವಿನೆಣ್ಣೆಯನ್ನು ಸೋಪಿನ ದ್ರಾವಣದಲ್ಲಿ ಬೆರೆಸಿ ಸಿಂಪಡಿಸುವುದು, ಹೆಚ್ಚು ಬಾಧೆಗೊಂಡ ಎಲೆಗಳನ್ನು ಕಿತ್ತು ಚೀಲದಲ್ಲಿ ಕಟ್ಟಿ ಎಸೆಯುವುದು, ಇಷ್ಟರಿಂದಲೇ ಹತೋಟಿಗೆ ಬಂತು. ನವೆಂಬರಿನ ಮೋಡದ ದಿನಗಳ ಬೂದು ಬೂಷ್ಟಿಗೆ ಮದ್ದು ಗಾಳಿಯಾಟ. ಹಳೆಯ ಎಲೆ ಮತ್ತು ಕೊಳೆತ ಹಣ್ಣನ್ನು ಅಂದಂದೇ ತೆಗೆದುಬಿಡಬೇಕು.

ಒಟ್ಟು ಫಸಲು ಗಿಡವೊಂದಕ್ಕೆ ಸರಾಸರಿ 200 ಗ್ರಾಂ ಸುಮಾರು ಬಂದಿತು. ಅದರಲ್ಲಿ ಹೆಚ್ಚಿನದು ಜನವರಿ ಮತ್ತು ಫೆಬ್ರುವರಿಯದು. ವಿಂಟರ್ ಡಾನ್ ಮೊದಲು ಹಣ್ಣಾಯಿತು, ಗಾತ್ರವೂ ದೊಡ್ಡದು. ರುಚಿಯಲ್ಲಿ ಸ್ವೀಟ್ ಚಾರ್ಲಿಗೆ ಮೊದಲ ಸ್ಥಾನ ಕೊಡುತ್ತೇನೆ.

ಏಪ್ರಿಲ್ ಬಂದಂತೆ ಹೂ ನಿಂತು ಗಿಡಗಳು ಹಂಬು ಚಾಚತೊಡಗಿದವು. ಅವುಗಳಲ್ಲಿ ಆರೋಗ್ಯವಾಗಿದ್ದ ಎರಡು ಕುಂಡಗಳನ್ನು ನೆಲಮಹಡಿಯ ಉತ್ತರದ ನೆರಳಿಗೆ ಇಳಿಸಿದೆ. ಜೂನ್, ಜುಲೈಯ ತಂಪಿನಲ್ಲಿ ಅವುಗಳ ಹಂಬನ್ನು ಸಣ್ಣ ಲೋಟಗಳಲ್ಲಿ ಬೇರೂರಿಸಿ ಅಕ್ಟೋಬರಿಗೆ ಹೊಸ ಗಿಡ ಮಾಡಿಕೊಳ್ಳಬಹುದು. ಆದರೆ ಹಂಬಿನ ಮೂಲಕ ವೈರಸ್ ಮತ್ತು ಗಡ್ಡೆಕೊಳೆ ರೋಗಗಳೂ ತಲೆಮಾರಿನಿಂದ ತಲೆಮಾರಿಗೆ ದಾಟುವುದರಿಂದ, ಒಂದು ವರ್ಷ ಮನೆಯ ಹಂಬು, ಮರುವರ್ಷ ನರ್ಸರಿಯ ಹೊಸ ಗಿಡ ಎಂಬ ಸರದಿಯನ್ನು ಇಟ್ಟುಕೊಳ್ಳಬೇಕು. ಉಳಿದ ಗಿಡಗಳನ್ನು ಕಿತ್ತು ಗೊಬ್ಬರದ ಗುಂಡಿಗೆ ಹಾಕಿ, ಮಿಶ್ರಣವನ್ನು ಪ್ಲಾಸ್ಟಿಕ್ ಹಾಳೆಯಡಿ ಮೇ ತಿಂಗಳ ಬಿಸಿಲಿಗೆ ಹರವಿದೆ. ಕುಂಡಗಳ ಹೊರಮೈಯಲ್ಲಿ ಬಿಳಿಯ ಲವಣದ ಪೊರೆ ಕಟ್ಟಿರುತ್ತದೆ. ಹಾಗೆಯೇ ಬಿಟ್ಟರೆ ರಂಧ್ರಗಳು ಮುಚ್ಚಿ ಮರುವರ್ಷ ಕುಂಡ ತಂಪಾಗುವುದಿಲ್ಲ. ವಿನೆಗರ್ ಬೆರೆಸಿದ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ನಾರಿನಿಂದ ಉಜ್ಜಿ, ಮಳೆನೀರಿನಲ್ಲಿ ತೊಳೆದು ಸ್ಟ್ಯಾಂಡಿನ ಮೇಲೆ ಬೋರಲಾಗಿ ಇರಿಸಿದ್ದೇನೆ.